ಬಚ್ಚಲ ಒಲೆಗೆ ಸಬ್ಸಿಡಿ ಕೊಡೋರು ಯಾರು?

"ಮೇಡಂ, ನಮ್ಮ ಅಡುಗೆಮನೆಗೆ ಗ್ಯಾಸ್ ಬಂದು ಎಂಟು ವರ್ಷ ಆಯ್ತು. ಆದರೂ ಬೆಳಗ್ಗೆ ಎದ್ದ ಕೂಡಲೇ ನಾನು ಮಾಡೋ ಮೊದಲ ಕೆಲಸ ಹಂಡೆಗೆ ಉರಿ ಹಾಕೋದು. ಮನೆಯಲ್ಲಿ ಐದು ಜನ. ಮಳೆಗಾಲದಲ್ಲಿ ಸೌದೆ ಹತ್ತೋದೇ ಇಲ್ಲ. ಕಣ್ಣೆಲ್ಲ ಉರಿ, ಅತ್ತೆಗೆ ಕೆಮ್ಮು. ಗೃಹಜ್ಯೋತಿ ಇದೆಯಲ್ಲ, ಕರೆಂಟು ಹೇಗಿದ್ರೂ ಫ್ರೀ, ಒಂದು ಗೀಸರ್ ಹಾಕಿಸಿಬಿಡೋಣ ಅಂತ ನಾನು. ಫ್ರೀ ಇರೋದನ್ನೂ ಕಳ್ಕೊಂಡುಬಿಡ್ತೀಯ ಅಂತ ನಮ್ಮ ಯಜಮಾನರು. ಯಾರು ಹೇಳೋದು ಸರಿ?"

ಹುಣಸೂರು ಕಡೆಯ ಓದುಗರೊಬ್ಬರ ಪತ್ರ ಇದು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದಲೂ ಇಂಥದೇ ಪ್ರಶ್ನೆ ಆಗಾಗ ಕಿವಿಗೆ ಬೀಳುತ್ತಿರುತ್ತದೆ. ಮದುವೆ ಮನೆಯಲ್ಲಿ ನಾಲ್ಕು ಹೆಂಗಸರು ಸೇರಿದರೆ ಸಾಕು, ಮಾತು ಚಿನ್ನದ ರೇಟಿನಿಂದ ಶುರುವಾಗಿ ಹಂಡೆ ನೀರಿಗೆ ಬಂದು ನಿಲ್ಲುತ್ತೆ!

ಪ್ರಶ್ನೆ ಒಂದು ಮನೆಯ ಬಚ್ಚಲಿನದು ಅನ್ನಿಸಬಹುದು. ಆದರೆ ಇವತ್ತು ಜಗತ್ತಿನ ದೊಡ್ಡ ದೊಡ್ಡ ಸರ್ಕಾರಗಳೇ ತಲೆ ಕೆಡಿಸಿಕೊಂಡಿರುವ ವಿಷಯ ಇದು. ಬ್ರಿಟನ್ನಿನಲ್ಲಿ ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕಿಸಿಕೊಳ್ಳುವವರಿಗೆ 2022ರಿಂದ ಸಹಾಯಧನ ಶುರುವಾಯಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 7,500 ಪೌಂಡಿಗೆ ಏರಿಸಿದರು. ಜರ್ಮನಿಯಲ್ಲಿ 2023ರಲ್ಲಿ ಇಂಥದೇ ಕಾನೂನು ತಂದಾಗ "ನಮ್ಮ ಮನೆ ಒಲೆಗೂ ಸರ್ಕಾರದ ಅಪ್ಪಣೆ ಬೇಕೇ" ಅಂತ ದೊಡ್ಡ ಗಲಾಟೆಯೇ ಆಯಿತು. ಉತ್ತರ ಚೀನಾದಲ್ಲಿ 2017ರ ಚಳಿಗಾಲದಲ್ಲಿ ಇನ್ನೂ ಕಷ್ಟ. ಹೊಗೆ ಕಡಿಮೆ ಮಾಡುತ್ತೇವೆ ಅಂತ ಹಳ್ಳಿಗಳ ಕಲ್ಲಿದ್ದಲ ಒಲೆಗಳನ್ನು ಕಿತ್ತು ಹಾಕಿದರು, ಬದಲಿ ಗ್ಯಾಸ್ ಸಾಕಾಗಲಿಲ್ಲ. ಮನೆ, ಶಾಲೆಗಳಲ್ಲಿ ಜನ, ಮಕ್ಕಳು ಚಳಿಯಲ್ಲಿ ನಡುಗಿದರು.

ನಮ್ಮ ಕಡೆ ಮನೆ ಬೆಚ್ಚಗೆ ಮಾಡುವ ಅಗತ್ಯವಿಲ್ಲ. ನಮ್ಮ ಮನೆಗಳಲ್ಲಿ 'ಹೀಟಿಂಗ್' ಅಂದರೆ ಹಂಡೆ ನೀರು. ನಮಗೆ ಅಂತ ಇರುವ ಯೋಜನೆಗಳು ಈ ಹಂಡೆಯ ಹತ್ತಿರ ಬರುತ್ತವೆಯೇ? ಒಂದೊಂದಾಗಿ ನೋಡೋಣ.

ಲೆಕ್ಕದಲ್ಲೇ ಇಲ್ಲದ ಒಲೆ

2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉಜ್ವಲಾ ಯೋಜನೆ ಶುರುವಾಯಿತು. ಬಡ ಕುಟುಂಬದ ಹೆಂಗಸರ ಹೆಸರಿನಲ್ಲಿ ಠೇವಣಿಯಿಲ್ಲದೆ ಗ್ಯಾಸ್ ಸಂಪರ್ಕ. ಮರುವರ್ಷ ನಮ್ಮ ರಾಜ್ಯ ಸರ್ಕಾರ ಮುಖ್ಯಮಂತ್ರಿ ಅನಿಲ ಭಾಗ್ಯ ತಂದಿತು. ಇವುಗಳಿಂದ ಆದ ಉಪಕಾರ ಸಣ್ಣದಲ್ಲ. ಊದುಗೊಳವೆ ಹಿಡಿದು ಅಡುಗೆ ಮಾಡಿದವರಿಗೆ ಗೊತ್ತು ಅದರ ಬೆಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 80 ಮನೆಗಳು ಅಡುಗೆಗೆ ಶುದ್ಧ ಇಂಧನ ಬಳಸುತ್ತವೆ.

ಇಲ್ಲೇ ಒಂದು ಸೂಕ್ಷ್ಮ ಇದೆ ನೋಡಿ. ಸಮೀಕ್ಷೆ ಕೇಳುವುದು "ಅಡುಗೆಗೆ ಏನು ಬಳಸ್ತೀರಿ?" ಅಂತ. "ಸ್ನಾನದ ನೀರು ಹೇಗೆ ಕಾಯಿಸ್ತೀರಿ?" ಅಂತ ಅಲ್ಲ. ಮುಂದೆ ಅಡುಗೆಮನೆಯಲ್ಲಿ ಗ್ಯಾಸ್ ಉರಿಯುತ್ತಿದ್ದು, ಹಿಂದೆ ಬಚ್ಚಲಲ್ಲಿ ದಿನಾ ಎರಡು ಹೊತ್ತು ಸೌದೆ ಉರಿದರೂ ಆ ಮನೆ 'ಶುದ್ಧ ಇಂಧನದ ಮನೆ'. ಪತ್ರ ಬರೆದ ಸೋದರಿಯ ಮನೆಯೂ ಸರ್ಕಾರದ ಲೆಕ್ಕದಲ್ಲಿ ಹೊಗೆ ಇಲ್ಲದ ಮನೆಯೇ. ಅತ್ತೆಯ ಕೆಮ್ಮಿಗೆ ಮಾತ್ರ ಈ ಲೆಕ್ಕ ಗೊತ್ತಿಲ್ಲ!

ಹಾಗಾದರೆ ಗ್ಯಾಸಿನಲ್ಲೇ ನೀರು ಕಾಯಿಸಬಹುದಲ್ಲ ಅಂತೀರಾ? ಸ್ವಲ್ಪ ಲೆಕ್ಕ ಹಾಕೋಣ. ಐದು ಜನಕ್ಕೆ ತಲಾ 20 ಲೀಟರ್, ಒಟ್ಟು 100 ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಬೇಕು. ಅಷ್ಟಕ್ಕೆ ಬೇಕಾದ ಶಾಖ, ಕರೆಂಟಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 2.3 ಯೂನಿಟ್. ತಿಂಗಳಿಗೆ 70 ಯೂನಿಟ್. ಇಷ್ಟನ್ನು ಗ್ಯಾಸ್ ಗೀಸರಿನಲ್ಲಿ ಕೊಡಬೇಕೆಂದರೆ ತಿಂಗಳಿಗೆ ಸುಮಾರು 7 ಕೆಜಿ ಗ್ಯಾಸ್ ಬೇಕು. ಸ್ಟೌ ಮೇಲೆ ಪಾತ್ರೆ ಇಟ್ಟು ಕಾಯಿಸಿದರೆ 9 ಕೆಜಿ. ಅಂದರೆ 14.2 ಕೆಜಿಯ ಸಿಲಿಂಡರಿನಲ್ಲಿ ಅರ್ಧಕ್ಕಿಂತ ಕಡಿಮೆಯಂತೂ ಆಗುವುದಿಲ್ಲ.

ಉಜ್ವಲಾ ಫಲಾನುಭವಿಗಳಿಗೆ ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಕೊಡುತ್ತಿದ್ದರಲ್ಲ, ಅದನ್ನು 2025-26ಕ್ಕೆ ವರ್ಷಕ್ಕೆ 12ರ ಬದಲು 9 ಸಿಲಿಂಡರಿಗೆ ಇಳಿಸಿದರು. ಅದರಲ್ಲಿ ಸ್ನಾನಕ್ಕೇ ಆರು ಹೋದರೆ ಅಡುಗೆಗೆ ಉಳಿಯುವುದು ಮೂರು. ಸಬ್ಸಿಡಿ ಇಲ್ಲದ ಸಾಮಾನ್ಯ ಸಿಲಿಂಡರಿನ ಬೆಲೆ 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿದಾಗಲೇ 850 ದಾಟಿತ್ತು. ಗ್ಯಾಸ್ ಇರೋ ಮನೆಯಲ್ಲೂ ಹಂಡೆ ಒಲೆ ಯಾಕೆ ಆರಲಿಲ್ಲ ಅನ್ನೋದಕ್ಕೆ ಇದೇ ಉತ್ತರ. ಅದು ಹಳ್ಳಿಯವರ ಮೊಂಡುತನ ಅಲ್ಲ, ಸರಿಯಾದ ಲೆಕ್ಕಾಚಾರ.

ಗೃಹಜ್ಯೋತಿ ಮತ್ತು ಗೀಸರ್

ಈಗ ಪತ್ರದ ಮುಖ್ಯ ಪ್ರಶ್ನೆಗೆ ಬರೋಣ. 2023ರ ಆಗಸ್ಟ್‌ನಿಂದ ಬಿಲ್ಲಿನಲ್ಲಿ ಗೃಹಜ್ಯೋತಿ ಇದೆ. "200 ಯೂನಿಟ್ ಫ್ರೀ" ಅಂತ ನಾವೆಲ್ಲ ಮಾತಾಡುತ್ತೇವೆ. ಆದರೆ ಎಲ್ಲರಿಗೂ 200 ಯೂನಿಟ್ ಫ್ರೀ ಅಲ್ಲ ಕಣ್ರೀ! 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿ, ಅಷ್ಟು ಮಾತ್ರ ಫ್ರೀ. 48 ಯೂನಿಟ್‌ಗಿಂತ ಕಡಿಮೆ ಸರಾಸರಿ ಇದ್ದವರಿಗೆ 2024ರ ಜನವರಿಯಲ್ಲಿ ಶೇ 10ರ ಬದಲು 10 ಯೂನಿಟ್ ಸೇರಿಸಿದರು. ಆ ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆ ಮೇಲೆ.

ಎರಡು ಮನೆ ಉದಾಹರಣೆ ತಗೊಳ್ಳೋಣ. ಮೊದಲ ಮನೆಯ ಸರಾಸರಿ 60 ಯೂನಿಟ್. ಫ್ರೀ ಮಿತಿ 66. ಗೀಸರಿಗೆ 70 ಯೂನಿಟ್ ಸೇರಿದರೆ 130, ಮಿತಿ ದಾಟಿದ 64ಕ್ಕೆ ಹಣ ಕಟ್ಟಬೇಕು. ಯೂನಿಟ್ಟಿಗೆ ಸುಮಾರು ಆರು ರೂಪಾಯಿಯಂತೆ ತಿಂಗಳಿಗೆ 384. ಎರಡನೇ ಮನೆಯಲ್ಲಿ ಫ್ರಿಜ್, ಮಿಕ್ಸಿ, ಟಿ.ವಿ. ಎಲ್ಲ ಇದೆ. ಈಗಾಗಲೇ 140 ಯೂನಿಟ್ ಓಡುತ್ತಿದೆ, ಬಿಲ್ಲು ಸೊನ್ನೆ. ಗೀಸರ್ ಬಂತು, 210 ಆಯಿತು. ಸೊನ್ನೆ ಇದ್ದ ಬಿಲ್ಲು ಒಂದೇ ತಿಂಗಳಲ್ಲಿ 1,260 ರೂಪಾಯಿ, ಮೇಲೆ ನಿಗದಿತ ಶುಲ್ಕ ಬೇರೆ!

ಯಜಮಾನರ ಮಾತಿನಲ್ಲಿ ಸತ್ಯ ಇದೆ ಅಂತಾಯಿತು. ಆದರೆ ಅವರು ಗೆದ್ದರು ಅಂತ ನಾನು ಹೇಳುವುದಿಲ್ಲ. ಯಾಕೆಂದರೆ ಉಳಿದ ದುಡ್ಡಿನ ಲೆಕ್ಕ ಅವರ ಹತ್ತಿರ, ಹೊಗೆಯ ಲೆಕ್ಕ ಇವರ ಹತ್ತಿರ.

ಯೋಜನೆಯ ಉದ್ದೇಶ ಒಳ್ಳೆಯದೇ. ಆದರೆ 2022-23ರಲ್ಲಿ ಯಾರ ಮನೆಯಲ್ಲಿ ಗೀಸರ್ ಇತ್ತೋ ಅವರ ಗೀಸರ್ ಕರೆಂಟು ಸರಾಸರಿಯಲ್ಲಿ ಸೇರಿಕೊಂಡಿತು. ಅವರಿಗೆ ಬಿಸಿನೀರು ಫ್ರೀ. ಆಗ ಸೌದೆ ಉರಿಸುತ್ತಿದ್ದವಳಿಗೆ ಈಗ ಬದಲಾಗಬೇಕೆಂದರೆ ಕಾಸು ಕಟ್ಟಬೇಕು. ಹೊಗೆಯಲ್ಲಿ ಇದ್ದವಳೇ ಹೊಗೆಯಲ್ಲಿ ಉಳಿಯುವ ಹಾಗೆ ನಿಯಮ ನಿಂತಿದೆ. ಇದನ್ನು ಯಾರೂ ಬೇಕಂತ ಮಾಡಿದ್ದಲ್ಲ. ಬಚ್ಚಲ ಒಲೆ ಯಾರ ನೆನಪಿಗೂ ಬರಲಿಲ್ಲ, ಅಷ್ಟೇ.

ಬಿಸಿಲಿಗೆ ಮೀಟರ್ ಇಲ್ಲ

ಹಾಗಾದರೆ ದಾರಿ? ಸ್ವಂತ ಸೂರು, ಮೇಲೆ ಟ್ಯಾಂಕು ಇರುವವರಿಗೆ ನನ್ನ ಮೊದಲ ಸಲಹೆ ಸೋಲಾರ್ ವಾಟರ್ ಹೀಟರ್. ಸೂರ್ಯನ ಶಾಖ ನೇರವಾಗಿ ನೀರಿಗೆ. ಮೀಟರ್ ಓಡುವುದಿಲ್ಲ, ಗೃಹಜ್ಯೋತಿ ಮಿತಿ ಮುಟ್ಟುವುದಿಲ್ಲ.

ಇದರಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವೇನೂ ಅಲ್ಲ. ನಗರ, ಪಟ್ಟಣಗಳಲ್ಲಿ ಒಂದು ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಅಂತ 2007ರಲ್ಲೇ ಆದೇಶ ಆಗಿತ್ತು. ಹಾಕಿಸಿಕೊಂಡವರಿಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಕೊಟ್ಟಿದ್ದೂ ಉಂಟು. ಕೇಂದ್ರದ ಸಬ್ಸಿಡಿಯೂ ಇತ್ತು, ಅದು 2014ರಲ್ಲಿ ನಿಂತುಹೋಯಿತು. ಮೈಸೂರಿನ ಬಡಾವಣೆಗಳಲ್ಲಿ ತಲೆ ಎತ್ತಿ ನೋಡಿದರೆ ಮಾಳಿಗೆ ಮೇಲೆಲ್ಲ ಸೋಲಾರ್ ಕಾಣುವುದಕ್ಕೆ ಇಂಥ ನಿಯಮಗಳೂ ಕಾರಣ. ಆದರೆ ಹಳ್ಳಿಯ ಹೆಂಚಿನ ಮನೆಗೆ ಆ ಆದೇಶ ತಲುಪಲಿಲ್ಲ.

ಈಗ ದೊಡ್ಡ ಸಬ್ಸಿಡಿ ಇರುವುದು ಕರೆಂಟು ಮಾಡುವ ಸೋಲಾರ್ ಪ್ಯಾನೆಲ್‌ಗೆ. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟಿಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಮೇಲ್ಪಟ್ಟು 78 ಸಾವಿರ ರೂಪಾಯಿ. ದೊಡ್ಡ ಬಿಲ್ಲು ಕಟ್ಟುವವರಿಗೆ ಒಳ್ಳೆಯ ಯೋಜನೆ. ಆದರೆ ಗೃಹಜ್ಯೋತಿಯಿಂದ ಬಿಲ್ಲೇ ಸೊನ್ನೆ ಇರುವ ಮನೆಗೆ ಅದು ಏನು ಉಳಿಸಿಕೊಡಬೇಕು? ಒಂದು ಕೈ "ಕರೆಂಟು ಫ್ರೀ" ಅನ್ನುತ್ತೆ, ಇನ್ನೊಂದು ಕೈ "ನೀವೇ ಕರೆಂಟು ಮಾಡ್ಕೊಳ್ಳಿ, ದುಡ್ಡು ಕೊಡ್ತೀವಿ" ಅನ್ನುತ್ತೆ. ಇದರ ಮಧ್ಯೆ, ಸುಮಾರು 20 ಸಾವಿರ ರೂಪಾಯಿಯಲ್ಲಿ ಹೊಗೆ ನಿಲ್ಲಿಸಬಲ್ಲ 100 ಲೀಟರಿನ ಬಿಸಿನೀರಿನ ಸೋಲಾರನ್ನು ಎರಡು ಕೈಯೂ ಬಿಟ್ಟವು.

20 ಸಾವಿರ ಎಲ್ಲಿಂದ ತರೋದು? ಹತ್ತು ತಿಂಗಳ ಗೃಹಲಕ್ಷ್ಮಿ ಹಣ ಅಂದರೆ ಸರಿಯಾಗಿ ಅಷ್ಟೇ. ಆದರೆ ಆ ಹಣ ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸಿಗೆ, ಔಷಧಿಗೆ ಹೋಗುತ್ತದೆ ಅನ್ನೋದು ನನಗೂ ಗೊತ್ತು. ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿ ಹಸು ತರುತ್ತೇವೆ, ಹೊಲಿಗೆ ಯಂತ್ರ ತರುತ್ತೇವೆ. ಸೌದೆಯನ್ನು ದುಡ್ಡು ಕೊಟ್ಟು ಕೊಳ್ಳುವ ಮನೆಯಾದರೆ ಸೋಲಾರ್ ಹೀಟರ್ ಕೂಡ ಸಾಲ ತೀರಿಸಿಕೊಳ್ಳುವ ವಸ್ತುವೇ.

ಅನುಭವದಿಂದ ಎರಡು ಮಾತು. ನಮ್ಮ ಮನೆಯಲ್ಲಿ ಬೋರ್‌ವೆಲ್ ನೀರು. ಹಾಕಿಸುವಾಗ ಅಂಗಡಿಯವರು ಗಡಸು ನೀರಿನ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಮೂರನೇ ವರ್ಷಕ್ಕೆ ಕೊಳವೆಯಲ್ಲೆಲ್ಲ ಸುಣ್ಣ ಕಟ್ಟಿಕೊಂಡು ನೀರು ಬಿಸಿಯೇ ಆಗುತ್ತಿರಲಿಲ್ಲ. ತೆಗೆಸಿ ಸ್ವಚ್ಛ ಮಾಡಿಸಿದ ಮೇಲೆ ಸರಿ ಹೋಯಿತು. ನೀರಿನ ಗುಣ ನೋಡಿ ಮಾದರಿ ಆರಿಸಿ. ಎರಡನೆಯದು, ಮೋಡ ಮುಸುಕಿದ ಆಷಾಢ, ಶ್ರಾವಣದಲ್ಲಿ ಸೋಲಾರ್ ಕೈಕೊಡುತ್ತೆ. ಹಾಗಾಗಿ ಹಂಡೆಯನ್ನು ಗುಜರಿಗೆ ಹಾಕಬೇಡಿ! ಚೀನಾದ ಕಥೆ ನೆನಪಿದೆಯಲ್ಲ? ಹೊಸದು ಗಟ್ಟಿಯಾಗುವ ತನಕ ಹಳೆಯದು ಇರಲಿ.

ಬ್ಯಾರನ್ ಇರೋ ಊರಿನ ಮಾತು

ಈ ನಾಲ್ಕು ತಾಲ್ಲೂಕಿನ ಸೌದೆಯ ಮಾತು ಬ್ಯಾರನ್ ಬಿಟ್ಟು ಆಡುವ ಹಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಅಂದರೆ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಒಂದು ಕೆಜಿ ಸೊಪ್ಪು ಬೇಯಿಸಿ ಹದ ಮಾಡಲು 4ರಿಂದ 5 ಕೆಜಿ ಸೌದೆ ಬೇಕು. ಒಂದು ಬ್ಯಾರನ್ನಿನಲ್ಲಿ 1,500 ಕೆಜಿ ಸೊಪ್ಪು ಅಂದುಕೊಂಡರೆ ಒಂದು ಸೀಸನ್ನಿಗೆ ಕನಿಷ್ಠ 6 ಟನ್ ಸೌದೆ. ಹಳೇ ಮಾದರಿಯ ಹಂಡೆ ಒಲೆ ದಿನಕ್ಕೆ ನಾಲ್ಕೂವರೆ ಕೆಜಿ ತಿಂದರೂ ವರ್ಷಕ್ಕೆ ಸುಮಾರು 1.6 ಟನ್. ಅಂದರೆ ಒಂದು ಬ್ಯಾರನ್ನು ಒಂದು ಸೀಸನ್ನಿನಲ್ಲಿ ಉರಿಸುವುದು, ಒಂದು ಬಚ್ಚಲು ಹೆಚ್ಚುಕಮ್ಮಿ ನಾಲ್ಕು ವರ್ಷ ಉರಿಸುವಷ್ಟು.

ಇದನ್ನು ಯಾಕೆ ಹೇಳಿದೆ? ಮರ ಉಳಿಸಿ, ಇಂಗಾಲ ಕಡಿಮೆ ಮಾಡಿ ಅನ್ನುವ ಉಪದೇಶ ಬಂದಾಗ ಮೊದಲು ಅದು ಹೆಂಗಸರ ಒಲೆಯ ಕಡೆ ತಿರುಗುತ್ತದೆ. ದೊಡ್ಡ ಬೆಂಕಿ ಬೇರೆ ಕಡೆ ಇದೆ. ರೈತರನ್ನು ದೂರುವ ಮಾತಲ್ಲ ಇದು. ಆ ಸೊಪ್ಪು ಕಟ್ಟುವವರು, ರಾತ್ರಿಯೆಲ್ಲ ಬ್ಯಾರನ್ ಕಾಯುವವರೂ ನಾವೇ. ತೆಂಗಿನ ಚಿಪ್ಪು, ಕಾಫಿ ಹೊಟ್ಟು, ಹೊಟ್ಟಿನಿಂದ ಮಾಡಿದ ಇಟ್ಟಿಗೆಗಳನ್ನು ಬ್ಯಾರನ್ನಿಗೆ ಉರುವಲಾಗಿ ಬಳಸುವುದು, ಮಾಡಿನಿಂದ ಶಾಖ ಸೋರದ ಹಾಗೆ ಹೊದಿಕೆ ಹಾಕುವುದು, ಇಂಥ ದಾರಿಗಳಿವೆ. ತಂಬಾಕು ಮಂಡಳಿ, ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದವರು ರೈತರ ಸಭೆ ಕರೆದಾಗ ಹೆಂಗಸರೂ ಹೋಗಿ ಕೂತು ಕೇಳಬೇಕು.

ಬ್ಯಾರನ್ ಇರುವ ಮನೆಗೆ ಇನ್ನೊಂದು ತೊಡಕು. ಹೇಗಿದ್ದರೂ ಲೋಡುಗಟ್ಟಲೆ ಸೌದೆ ಬಂದು ಬಿದ್ದಿರುತ್ತದೆ. ಮಿಕ್ಕಿದ್ದು, ಜೊತೆಗೆ ಒಣಗಿದ ಹೊಗೆಸೊಪ್ಪಿನ ಕಡ್ಡಿ, ಹಂಡೆಗೆ 'ಪುಕ್ಕಟೆ'. ಹಾಗಾಗಿ ಬಚ್ಚಲ ಹೊಗೆ ಯಾರಿಗೂ ಖರ್ಚು ಅನ್ನಿಸುವುದೇ ಇಲ್ಲ. ಅದನ್ನು ಸೀಳಿ, ಒಣಗಿಸಿ, ಒಟ್ಟಿ, ಊದಿ ಉರಿಸುವ ಒಂದು ಗಂಟೆಗೆ ಕೂಲಿ ಕಟ್ಟಿದವರು ಯಾರೂ ಇಲ್ಲವಲ್ಲ!

ಕಾಡಂಚಿನ ಮನೆಗಳದ್ದು ಬೇರೆಯೇ ಕಥೆ. ಕೋಟೆ, ಸರಗೂರಿನ ಹಾಡಿಗಳಲ್ಲಿ, ಹುಣಸೂರಿನ ನಾಗರಹೊಳೆ ಪಕ್ಕದ ಊರುಗಳಲ್ಲಿ ಸೌದೆ ಅಂದರೆ ಕಾಡಿನ ಭಯವೂ ಹೌದು. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಲು ಅರಣ್ಯ ಸಚಿವರು ಆಗ ಆದೇಶಿಸಬೇಕಾಯಿತು. ಸಫಾರಿ ನಿಲ್ಲಿಸಬಹುದು. ಹಂಡೆ ನೀರು ನಿಲ್ಲಿಸೋಕೆ ಆಗುತ್ತಾ? ಸ್ವಂತ ಮಾಳಿಗೆ ಇಲ್ಲದ, ನಲ್ಲಿ ನೀರಿಗೇ ಕಾಯುವ ಹಾಡಿಯ ಮನೆಗೆ ಸೋಲಾರ್ ಹಾಕಿಸಿಕೊಳ್ಳಿ ಅಂತ ಸಲಹೆ ಕೊಡುವುದು ಹಾಸ್ಯವಾಗುತ್ತದೆ.

ಅಂಥವರಿಗೆ ಬೇಕಾದದ್ದು ಸುಧಾರಿತ ಒಲೆ. ಅದೂ ನಮ್ಮದೇ ರಾಜ್ಯದ ಆಸ್ತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದಿಂದ ಅಸ್ತ್ರ ಒಲೆ ಬಂತು. ಅಡುಗೆಗೊಂದು ಮಾದರಿ, ನೀರು ಕಾಯಿಸಲು ಇನ್ನೊಂದು. ಹೊಗೆ ಕೊಳವೆಯಲ್ಲಿ ಹೊರಗೆ, ಸೌದೆ ಅರ್ಧದಷ್ಟು. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ನಿಂತಿತು. ಗ್ಯಾಸ್ ಬಂದ ಮೇಲಂತೂ ಒಲೆಯ ಮಾತೇ ಹಳೆಯದಾಯಿತು. ಆದರೆ ಬಚ್ಚಲಿಗೆ ಆ ಒಲೆ ಇವತ್ತಿಗೂ ಹಳೆಯದಾಗಿಲ್ಲ.

ನಿಮ್ಮ ಮನೆಗೆ ಯಾವುದು?

* ಸ್ವಂತ ತಾರಸಿ, ಎತ್ತರದ ಟ್ಯಾಂಕು ಇದ್ದರೆ: ಸೋಲಾರ್ ವಾಟರ್ ಹೀಟರ್. ಐದು ಜನಕ್ಕೆ 100 ಲೀಟರ್ ಸಾಲುತ್ತದೆ. ಬೋರ್ ನೀರಾದರೆ ಮೊದಲೇ ಹೇಳಿ ಕೊಳ್ಳಿ.

* ನಾಲ್ಕೈದು ಹಸು, ಎಮ್ಮೆ ಇದ್ದರೆ: ಗೋಬರ್ ಗ್ಯಾಸ್. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು. ಸಹಾಯಧನದ ಬಗ್ಗೆ ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿ.

* ಬಾಡಿಗೆ ಮನೆ, ಇಬ್ಬರು ಮೂವರೇ ಇದ್ದರೆ: ಸಣ್ಣ ಕರೆಂಟ್ ಗೀಸರ್. ಮೊದಲು ಚೆಸ್ಕಾಂ ಬಿಲ್ಲು ತೆಗೆದು ನಿಮ್ಮ ಗೃಹಜ್ಯೋತಿ ಮಿತಿ ಎಷ್ಟು, ಈಗ ಎಷ್ಟು ಓಡುತ್ತಿದೆ ನೋಡಿ. 200ಕ್ಕೆ ಹತ್ತಿರ ಇದ್ದರೆ ಹುಷಾರ್. ವೈರಿಂಗ್, ಅರ್ಥಿಂಗ್ ಪರೀಕ್ಷಿಸದೆ ಹಾಕಿಸಬೇಡಿ. ಬಕೆಟ್ಟಿನಲ್ಲಿ ಕಾಯಿಲ್ ಇಟ್ಟು ಸ್ವಿಚ್ ಆಫ್ ಮಾಡದೆ ನೀರು ಮುಟ್ಟಲೇಬೇಡಿ.

* ಗ್ಯಾಸ್ ಗೀಸರ್: ಮುಚ್ಚಿದ ಬಚ್ಚಲೊಳಗೆ ಖಂಡಿತ ಬೇಡ. 2025ರ ಅಕ್ಟೋಬರ್‌ನಲ್ಲಿ ಪಿರಿಯಾಪಟ್ಟಣದಲ್ಲೇ ಇಬ್ಬರು ಹೆಣ್ಣುಮಕ್ಕಳು ಸ್ನಾನದ ಮನೆಯಲ್ಲಿ ಗೀಸರಿನ ಅನಿಲದಿಂದ ಜೀವ ಕಳೆದುಕೊಂಡರು. ಇಂಗಾಲದ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಗೀಸರ್ ಹೊರಗೋಡೆಯಲ್ಲಿರಲಿ, ಬಚ್ಚಲಿಗೆ ಗಾಳಿಕಿಂಡಿ ತೆರೆದಿರಲಿ.

* ಸೌದೆಯೇ ಗತಿ ಎಂದಾದರೆ: ಹೊಗೆ ಕೊಳವೆ ಇರುವ ನೀರೊಲೆ ಕಟ್ಟಿಸಿ. ಹಂಡೆಗೆ ಮುಚ್ಚಳ ಇಡಿ. ಒಣ ಸೌದೆ ಮಳೆಗಾಲಕ್ಕೆ ಮೊದಲೇ ಒಳಗೆ ಸೇರಲಿ. ಹೊಗೆಸೊಪ್ಪಿನ ಕಡ್ಡಿ, ಪ್ಲಾಸ್ಟಿಕ್ ಬೇಡ.

ಕೊನೆಗೆ ಒಂದು ಮಾತು

ಪತ್ರ ಬರೆದ ಸೋದರಿಗೆ ನನ್ನ ಉತ್ತರ ಇಷ್ಟು. ಗೀಸರ್ ವಿಷಯದಲ್ಲಿ ನಿಮ್ಮ ಯಜಮಾನರ ಲೆಕ್ಕ ಸರಿ. ಹಂಡೆ ವಿಷಯದಲ್ಲಿ ನಿಮ್ಮ ಕಣ್ಣೀರು ಸರಿ. ಐದು ಜನದ ಮನೆಗೆ ಸೋಲಾರ್ ಹೀಟರ್, ಮಳೆಗಾಲಕ್ಕೆ ಹೊಗೆ ಕೊಳವೆಯ ಒಲೆ, ಇವೆರಡೂ ಇದ್ದರೆ ವರ್ಷದ ಹೆಚ್ಚಿನ ದಿನ ಉರಿ ಹಾಕುವ ಕೆಲಸ ತಪ್ಪುತ್ತದೆ. ಒಂದು ವಾರ ನಿಮ್ಮ ಯಜಮಾನರ ಕೈಗೆ ಊದುಗೊಳವೆ ಕೊಟ್ಟು ನೋಡಿ. 20 ಸಾವಿರ ಬೇಗ ಹೊಂದುತ್ತದೆ!

ಇನ್ನು ನಾವೆಲ್ಲ ಸೇರಿ ಕೇಳಬೇಕಾದದ್ದು ಬೇರೆ ಇದೆ. ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ಚರಂಡಿಯ ಜೊತೆ ಇದನ್ನೂ ಹೇಳಿ. ಸಮೀಕ್ಷೆಗೆ ಬಂದವರು ಸ್ನಾನದ ನೀರಿನ ಇಂಧನವನ್ನೂ ಬರೆದುಕೊಳ್ಳಲಿ. ಪ್ಯಾನೆಲ್ಲಿಗೆ ಕೊಡುವ ಸಬ್ಸಿಡಿಯಲ್ಲಿ ಒಂದು ಪಾಲು ಬಿಸಿನೀರಿನ ಸೋಲಾರಿಗೂ ಸಿಗಲಿ. ಹಾಡಿಗಳಿಗೆ, ಮಾಳಿಗೆ ಇಲ್ಲದ ಮನೆಗಳಿಗೆ ಸುಧಾರಿತ ನೀರೊಲೆ ಮತ್ತೆ ಬರಲಿ. ಯಾರೂ ಕೇಳದಿದ್ದರೆ ಈ ಒಲೆ ಇನ್ನೂ ಹತ್ತು ವರ್ಷ ಲೆಕ್ಕಕ್ಕೆ ಸಿಗದೆ ಹೀಗೇ ಉರಿಯುತ್ತಿರುತ್ತದೆ.